ಸನ್ಯಾಸಿ ಏಡಿಗೆ ಬಿಂದಿಗೆ ನೀರು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ತುರುವನೂರು ಕಡೆಯ ನಮ್ಮೂರಿನಲ್ಲಿ ಇಂದಿಗೂ ಕುರಿ ಮೇಯಿಸುತ್ತಾನೆ. ಅವ್ವ ಕಂಡವರ ಹೊಲದಲ್ಲಿ ಕಳೆ ಕಿತ್ತು ನನ್ನನ್ನು ಚಿತ್ರದುರ್ಗದ ಕಾಲೇಜಿಗೆ ಕಳಿಸಿದಳು. ನಾನು ಓದಿದ್ದು ಪ್ರಾಣಿಶಾಸ್ತ್ರ. "ಏನ್ ಓದ್ತಾಳೆ ನಿನ್ ಮಗಳು?" ಎಂದು ಕಳೆ ಕೀಳುವ ಸಾಲಿನಲ್ಲಿ ಯಾರಾದರೂ ಕೇಳಿದರೆ ಅವ್ವ, "ಅದೇ, ಹುಳ ಹುಪ್ಪಟೆ" ಎನ್ನುತ್ತಿದ್ದಳಂತೆ. "ಹುಳ ನೋಡಾಕೆ ದುರ್ಗಕ್ಯಾಕೆ ಹೋಗ್ಬೇಕವ್ವ, ಇಲ್ಲೇ ಹೊಲದ ಬದುವಿನ ಮ್ಯಾಲೆ ಬಂದು ಕುಂತ್ಕಳಾಕೆ ಹೇಳು" ಎಂದು ಅವರು ನಗುತ್ತಿದ್ದರಂತೆ. ಅವ್ವ ಮುಂದಿನ ಕಳೆಗೆ ಕೈ ಹಾಕುತ್ತಿದ್ದಳಂತೆ.

ಕೊನೆಯ ವರ್ಷ ಕಾಲೇಜಿನವರು ಸಮುದ್ರ ತೀರಕ್ಕೆ ಪ್ರವಾಸ ಹೊರಟರು. ಕಟ್ಟಲು ದುಡ್ಡಿರಲಿಲ್ಲ, ನಾನು ಹೆಸರು ಕೊಡಲಿಲ್ಲ. "ನಂಗೆ ಬಸ್ಸು ಆಗಿಬರಲ್ಲ ಸರ್" ಎಂದು ಸುಳ್ಳು ಹೇಳಿದೆ. ಗೆಳತಿಯರು ಹೋಗಿ ಬಂದು ವಾರವಿಡೀ ಅಲೆಯ ಮಾತೇ ಆಡಿದರು. ನಾನು ಪ್ರಯೋಗಾಲಯದ ಜಾಡಿಯಲ್ಲಿ ಮುಳುಗಿಸಿಟ್ಟಿದ್ದ ಸನ್ಯಾಸಿ ಏಡಿಯ ಚಿತ್ರ ಬರೆದೆ. ಅದರ ಮೈಯ ಹಿಂಭಾಗ ಮೆತ್ತಗೆ, ಮೇಲೆ ಕವಚವಿಲ್ಲ. ಹಾಗಾಗಿ ಸತ್ತ ಶಂಖದ ಹುಳುವಿನ ಚಿಪ್ಪಿನೊಳಗೆ ಸೇರಿಕೊಂಡು ಬದುಕುತ್ತದೆ. ಮೈ ಬೆಳೆದಂತೆ ಹಳೆಯ ಚಿಪ್ಪು ಬಿಟ್ಟು ದೊಡ್ಡದಕ್ಕೆ ಹೋಗುತ್ತದೆ. ಇಷ್ಟನ್ನು ಬರೆದು ಪೂರ್ತಿ ಅಂಕ ತೆಗೆದುಕೊಂಡೆ. ಜೀವ ಇರುವ ಒಂದನ್ನೂ ಕಂಡಿರಲಿಲ್ಲ.

ಈಗ ನಾನು ಹಿರಿಯೂರಿನ ಖಾಸಗಿ ಹೈಸ್ಕೂಲೊಂದರಲ್ಲಿ ವಿಜ್ಞಾನ ಟೀಚರು. ಎರಡು ಕೋಣೆಯ ಬಾಡಿಗೆ ಮನೆ, ಜೊತೆಗೆ ಅವ್ವ. "ದುಡೀತೀರಲ್ಲ, ಹೋಗಿ ಸಮುದ್ರ ನೋಡ್ಕಂಡ್ ಬರ್ರಿ" ಎಂದು ಶಾಲೆಯಲ್ಲಿ ಹೇಳುತ್ತಾರೆ. ಹೋಗಬಹುದು. ಆದರೆ ನಿಜವಾಗಿ ಬಸ್ಸು ಆಗಿಬರದವಳು ಅವ್ವ. ಹಿರಿಯೂರಿನಿಂದ ದುರ್ಗ ಮುಟ್ಟುವಷ್ಟರಲ್ಲಿ ಎರಡು ಸಲ ವಾಂತಿ ಮಾಡುತ್ತಾಳೆ. ಅವಳನ್ನು ಬಿಟ್ಟು ನೋಡುವ ಸಮುದ್ರ ನನಗೆ ಬೇಡವಾಗಿತ್ತು. ಆ ಓದಿನಲ್ಲಿ ಅರ್ಧ ಅವಳದು. ನಾನು ಏನು ಓದಿದೆ ಎಂಬುದನ್ನು, ಜೀವ ಇರುವ ಒಂದೇ ಒಂದು ಪ್ರಾಣಿಯಲ್ಲಿ, ಅವಳಿಗೆ ತೋರಿಸಬೇಕಿತ್ತು. ಅವಳು ಸಮುದ್ರಕ್ಕೆ ಹೋಗಲಾರಳು ಎಂದಮೇಲೆ ಸಮುದ್ರವನ್ನೇ ಸ್ವಲ್ಪ ಮನೆಗೆ ತರುವುದೆಂದು ನಿಶ್ಚಯಿಸಿದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯವರು ಸೋರುತ್ತದೆಂದು ಮೂಲೆಗಿಟ್ಟಿದ್ದ ಗಾಜಿನ ತೊಟ್ಟಿಯನ್ನು ಕೊಟ್ಟರು. ಕಿಟಕಿ ಗಾಜು ಕೂರಿಸುವವನು ಅದರ ಮೂಲೆಗಳಿಗೆ ಹೊಸ ಅಂಟು ಹಾಕಿಕೊಟ್ಟ. ಸಣ್ಣ ಮೋಟರ್ ಕೊಂಡು, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗೆ ಸ್ಪಂಜು ತುಂಬಿ, ನೀರು ಸೋಸುವ ಯಂತ್ರವನ್ನು ನಾನೇ ಮಾಡಿದೆ. ಮೀನು ಸಾಕುವುದನ್ನು ಬಿಟ್ಟ ದಾವಣಗೆರೆಯ ಒಬ್ಬರು ಹವಳದ ಕಲ್ಲು, ಮರಳು ಕೊಟ್ಟರು. ಕಡಿಮೆ ಮಾಡಲಾಗದೇ ಹೋದದ್ದು ಉಪ್ಪಿನ ಖರ್ಚೊಂದೇ. ಅಡುಗೆ ಉಪ್ಪು ಆಗದು, ಸಮುದ್ರದ ನೀರಿನಲ್ಲಿರುವುದೆಲ್ಲ ಇರುವ ಉಪ್ಪೇ ಬೇಕು. ಪಕ್ಕದ ಮನೆಯ ಅಕ್ಕ ಬಾಗಿಲಲ್ಲಿ ನಿಂತು, "ಉಪ್ಪು ನೀರಿಗೆ ಯಾಕ್ರೀ ದುಡ್ಡು ಸುರೀತೀರ? ನಮ್ ಬೋರ್ ನೀರು ಬಾಯಿಗಿಡಂಗಿಲ್ಲ. ಅದನ್ನೇ ಒಂದ್ ನಾಕ್ ಕೊಡ ಹುಯ್ಯಿರಿ" ಎಂದಳು.

ಆ ಬೋರ್ ನೀರಿಗೆ ಹೆದರಿಯೇ ನಾನು ಶುದ್ಧ ನೀರಿನ ಘಟಕದಿಂದ ಕ್ಯಾನು ತಂದು ಅದಕ್ಕೆ ಉಪ್ಪು ಕದಡಿದೆ. ಆಮೇಲೆ ಒಂದು ತಿಂಗಳು ಕಾಯಬೇಕು. ಸಂತೆಯ ಒಣ ಸೀಗಡಿ ಒಂದನ್ನು ನೀರಿಗೆ ಹಾಕಿಟ್ಟರೆ, ಕೊಳೆ ತಿನ್ನುವ ಕಣ್ಣಿಗೆ ಕಾಣದ ಜೀವಿಗಳು ಅಲ್ಲಿ ಬೆಳೆಯುತ್ತವೆ. ಅಷ್ಟು ದಿನ ತೊಟ್ಟಿಯಲ್ಲಿ ಬರೀ ನೀರು, ಬೆಳಕು, ಮೋಟರಿನ ಗುಂಯ್ ಸದ್ದು.

"ನನ್ ಮಗ್ಳು ನೀರು ಸಾಕ್ತಾಳೆ" ಎಂದು ಅವ್ವ ಪಕ್ಕದ ಮನೆಯವಳಿಗೆ ಹೇಳಿದಳು. "ಮೇವಿಲ್ಲ, ಬರೀ ಕರೆಂಟ್ ತಿಂತೈತೆ."

ತಿಂಗಳು ಕಳೆದ ಮೇಲೆ ಬೆಂಗಳೂರಿನ ಅಂಗಡಿಯಿಂದ ಬಸ್ಸಿನಲ್ಲಿ ಪಾರ್ಸಲ್ ಬಂತು. ಬೆರಳುದ್ದದ ಎರಡು ಕಿತ್ತಳೆ ಮೀನು. ಇನ್ನೊಂದು ಕವರಿನಲ್ಲಿ ಹುಣಸೆಬೀಜದಷ್ಟು ಕಾಲುಗಳನ್ನು ಹೊರಗೆ ಚಾಚಿಕೊಂಡಿದ್ದ ಸನ್ಯಾಸಿ ಏಡಿ. ಅದರ ಜೊತೆಗೆ ಮುಂದೆ ಬೇಕಾಗುತ್ತದೆಂದು ಖಾಲಿ ಚಿಪ್ಪು ಮೂರು. ಅವ್ವ ಗಾಜಿಗೆ ಮೂಗು ತಾಗಿಸಿ ಕೂತಳು. "ಇದನ್ನೇನು ನೀನು ಓದಿದ್ದು?" ಎಂದು ಕೇಳಿದಳು. ಹೌದು ಎಂದೆ. "ಮಾರಿಕಣಿವೆ ಡ್ಯಾಮ್ ನೀರಾಗೆ ಇಂಥದ್ದು ಇಲ್ವಲ್ಲ" ಎಂದಳು. ಆ ಸಂಜೆ ನನ್ನ ಎದೆ ಎಷ್ಟು ಉಬ್ಬಿತ್ತೆಂದು ಬರೆದು ತಿಳಿಸಲಾರೆ.

ಹಿರಿಯೂರಿನ ಬಿಸಿಲಿಗೆ ತೊಟ್ಟಿಯ ನೀರು ದಿನವೂ ಒಂದಿಷ್ಟು ಆರುತ್ತಿತ್ತು. ನೀರು ಹೋದರೂ ಉಪ್ಪು ಉಳಿಯುತ್ತದೆ, ಆದ್ದರಿಂದ ಸಿಹಿನೀರು ಹಾಕಿ ಮಟ್ಟ ಸರಿ ಮಾಡಬೇಕು. ಅವ್ವ ತನ್ನ ಹಣೆಯ ಸ್ಟಿಕರ್ ಒಂದನ್ನು ಗಾಜಿಗೆ ಅಂಟಿಸಿ ಗುರುತು ಮಾಡಿದಳು. "ಇಲ್ಲೀಗಂಟ ನಾನ್ ಹಾಕ್ತೀನಿ. ನೀನು ಸ್ಕೂಲಿಗೆ ಹೋಗು" ಎಂದಳು. ಅವಳೂ ಇದರಲ್ಲಿ ಸೇರಿಕೊಂಡಳೆಂದು ನನಗೆ ಖುಷಿ.

ಒಂದು ಮಧ್ಯಾಹ್ನ ಶಾಲೆ ಬಿಟ್ಟು ಬಂದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು.

"ಲೇ, ಅದು ಮನೆ ಬದ್ಲಾಯಿಸ್ತು ಕಣೇ. ದೊಡ್ಡ ಚಿಪ್ಪಿನ ಬಾಯಾಗೆ ಕಾಲಿಟ್ಟು ಅಳತೆ ನೋಡ್ತು. ಒಳಗೆ ಹೊರಗೆ ಸವರ್ತು. ಬಾಡಿಗೆ ಮನೆ ನೋಡೋವಾಗ ನಾವು ನಲ್ಲಿ ತಿರುಗಿಸಿ ನೋಡ್ತೀವಲ್ಲ, ಹಂಗೆ. ಆಮ್ಯಾಕೆ ಹಳೇದ್ರಿಂದ ಚಣದಾಗೆ ಹೊರಗೆ ಬಂದು ಇದ್ರಾಗೆ ಹೊಕ್ಕಂತು."

ನಾನು ಚೀಲ ಇಳಿಸದೆ ತೊಟ್ಟಿಯ ಮುಂದೆ ಕೂತೆ. ಏಡಿ ಹೊಸ ಚಿಪ್ಪಿನಲ್ಲಿ ಸುಮ್ಮನೆ ಕೂತಿತ್ತು. ಹಳೆಯ ಚಿಪ್ಪು ಪಕ್ಕದಲ್ಲಿ ಬಿದ್ದಿತ್ತು. ಪರೀಕ್ಷೆಯಲ್ಲಿ ಪೂರ್ತಿ ಅಂಕ ತಂದ ಸಂಗತಿ ನಮ್ಮ ಮನೆಯಲ್ಲೇ ನಡೆದಿತ್ತು. ಆಗ ನಾನು ಒಂಬತ್ತನೆಯ ತರಗತಿಯಲ್ಲಿ ಘರ್ಷಣೆ ಪಾಠ ಮಾಡುತ್ತಿದ್ದೆ. ಇನ್ನೊಮ್ಮೆ ಬದಲಿಸುವಾಗ ನೋಡೋಣ ಎಂದುಕೊಂಡೆ.

ಮೂರು ವಾರ ಕಳೆದಿತ್ತೇನೋ. ಏಡಿ ತಿನ್ನುವುದನ್ನು ಬಿಟ್ಟಿತು. ಇದ್ದ ಜಾಗ ಬಿಟ್ಟು ಕದಲಲಿಲ್ಲ. ಒಂದು ಬೆಳಿಗ್ಗೆ ಚಿಪ್ಪಿನಿಂದ ಹೊರಗೆ ಬಂದು ಮರಳಿನ ಮೇಲೆ ಮಲಗಿತ್ತು. ಮುಟ್ಟಿದೆ, ಸತ್ತಿತ್ತು. ಮೀನುಗಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡಾಡಿಕೊಂಡಿದ್ದವು.

ಬೆಂಗಳೂರಿನ ಅಂಗಡಿಯವರಿಗೆ ಫೋನ್ ಮಾಡಿದೆ. ನೀರಿನ ಪರೀಕ್ಷೆ ಎಲ್ಲ ಸರಿಯಿದೆ ಎಂದೆ. ಅವರು, "ಮೇಡಂ, ನೀರಿಗೆ ತಾಮ್ರ ಏನಾದ್ರೂ ಸೇರಿದೆಯಾ? ಮೀನು ತಡ್ಕೊಳ್ಳುತ್ತೆ, ಏಡಿ ತಡ್ಕೊಳ್ಳಲ್ಲ" ಎಂದರು. "ನಾನು ಪ್ರಾಣಿಶಾಸ್ತ್ರ ಓದಿದವಳು, ಅಷ್ಟು ಗೊತ್ತು" ಎಂದು ಗಡುಸಾಗಿಯೇ ಹೇಳಿ ಫೋನಿಟ್ಟೆ.

ಮರುದಿನ ಭಾನುವಾರ. ಅವ್ವ ಬಚ್ಚಲಲ್ಲಿ ಕೂತು ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಕ್ಯಾನಿನ ನೀರನ್ನು ನಾವು ಹಾಗೆಯೇ ಕುಡಿಯುವುದಿಲ್ಲ. ಬಿಂದಿಗೆಗೆ ತುಂಬಿ ಒಂದು ರಾತ್ರಿ ಇಟ್ಟು ಕುಡಿಯುತ್ತೇವೆ. ಮನೆಗೆ ಬಂದವರಿಗೂ ಅದನ್ನೇ ಕೊಡುತ್ತೇವೆ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಹಾಗೆಯೇ. ಬಿಂದಿಗೆ ಹೊಳೆಯಿತು. ಅವ್ವ ಹಿಂದಿನ ದಿನ ಅದರಲ್ಲಿದ್ದು ಕೊಳಗಕ್ಕೆ ಬಗ್ಗಿಸಿಟ್ಟಿದ್ದ ನೀರನ್ನು ಚೊಂಬಿನಲ್ಲಿ ತಂದು, ಸ್ಟಿಕರಿನ ಮಟ್ಟಕ್ಕೆ ಬರುವವರೆಗೆ ತೊಟ್ಟಿಗೆ ಸುರಿದಳು.

"ಅವ್ವ, ದಿನಾ ಇದೇ ನೀರಾ?"

"ಮತ್ತೆ? ಕ್ಯಾನಿನ್ ನೀರು ಪ್ಲಾಸ್ಟಿಕ್ ವಾಸ್ನೆ ಬರ್ತೈತೆ. ಅಷ್ಟು ದೂರದಿಂದ ಬಂದಾವೆ, ಪಾಪ."

ಕೆರೆಯಲ್ಲಿ ಶಂಖದ ಹುಳು ಹೆಚ್ಚಾದರೆ ಮೈಲುತುತ್ತ ಹಾಕುತ್ತಾರೆ, ಅದರಲ್ಲಿರುವ ತಾಮ್ರ ಅವನ್ನು ಕೊಲ್ಲುತ್ತದೆ ಎಂದು ನಾನೇ ಬರೆದಿದ್ದೆ. ಐದು ಅಂಕದ ಪ್ರಶ್ನೆ. ಬಿಂದಿಗೆ ಅಡುಗೆಮನೆಯ ಕಟ್ಟೆಯ ಮೇಲೆ ದಿನವೂ ನನ್ನ ಕಣ್ಣೆದುರಿಗೇ ಇತ್ತು. ತಪ್ಪು ಅವ್ವನದಲ್ಲ. ಯಾವ ನೀರು ಹಾಕಬೇಕೆಂದು ಹೇಳಿದ್ದೆ. ಯಾವುದರಲ್ಲಿಟ್ಟ ನೀರು ಎಂದು ಹೇಳಿರಲಿಲ್ಲ.

ಮುಚ್ಚಿಡಬಹುದಿತ್ತು. ಆದರೆ ಗೊತ್ತಿಲ್ಲದವಳೆಂದು ಅವಳಿಂದ ಮುಚ್ಚಿಡುವವರು ಲೋಕದಲ್ಲಿ ಬೇಕಾದಷ್ಟಿದ್ದಾರೆ. ಕೂರಿಸಿಕೊಂಡು ಹೇಳಿದೆ. ಅವ್ವ ಚೊಂಬನ್ನು ಕೆಳಗಿಟ್ಟಳು. "ಒಳ್ಳೇ ನೀರು ಅಂತ ಹಾಕ್ದೆ ಕಣವ್ವ" ಎಂದಳು. ನನಗೆ ಗೊತ್ತು ಎಂದೆ.

ತಾಮ್ರ ಕಲ್ಲಿಗೂ ಮರಳಿಗೂ ಹತ್ತಿಬಿಟ್ಟಿರುತ್ತದೆ, ಎಲ್ಲ ಎಸೆದು ಹೊಸದು ಹಾಕದೆ ಇನ್ನೊಂದು ಏಡಿ ತರಬೇಡಿ ಎಂದರು ಅಂಗಡಿಯವರು, ನಾನು ಮತ್ತೆ ಫೋನ್ ಮಾಡಿದಾಗ. ಅಷ್ಟು ಶಕ್ತಿ ಈಗ ನನಗಿಲ್ಲ. ಮೀನುಗಳು ಚೆನ್ನಾಗಿವೆ. ಅವಕ್ಕೆ ಈಗ ಸ್ಟೀಲ್ ಬಿಂದಿಗೆಯ ನೀರು.

ಕೆಲವು ಸಂಜೆ ನಾನು ಅವ್ವನ ಹತ್ತಿರ ಕೂತು ಕೇಳುತ್ತೇನೆ, ಎಷ್ಟು ಹೊತ್ತು ಅದು ಚಿಪ್ಪಿನಿಂದ ಹೊರಗಿತ್ತು, ಯಾವ ಕಡೆಗೆ ಸುರುಳಿ ಸುತ್ತಿಕೊಂಡಿತ್ತು ಎಂದು. ಅವಳು ಬೇಸರಿಸದೆ ಮತ್ತೆ ಹೇಳುತ್ತಾಳೆ. ಮೊನ್ನೆ ಅದರ ಬೆತ್ತಲೆ ಮೈ ಯಾವ ಬಣ್ಣ ಇತ್ತು ಎಂದು ಕೇಳಿದೆ. ಸತ್ತ ಮೇಲೆ ನಾನು ಕಂಡದ್ದು ಬೂದಿ ಬಣ್ಣ, ಪುಸ್ತಕದಲ್ಲಿದ್ದದ್ದು ಕಪ್ಪು ಗೆರೆಯ ಚಿತ್ರ.

ಅವ್ವ ನೆನೆಸಿಕೊಂಡು ಹೇಳಿದಳು. "ಎಳೇ ಶೇಂಗಾ ಸುಲಿದ್ರೆ ಒಳಗೆ ಬೀಜ ಇರ್ತೈತಲ್ಲ, ಇನ್ನೂ ಬಲಿತಿರಲ್ಲ ನೋಡು, ತಿಳೀ ಗುಲಾಬಿ. ಆ ಬಣ್ಣ."

ನಾನು ಕಣ್ಣು ಮುಚ್ಚಿ ಆ ಬಣ್ಣವನ್ನು ಕಾಣಲು ಯತ್ನಿಸಿದೆ.