ಸೋಲುವ ಕೆಲಸ

ಎಲೆಕ್ಟ್ರಿಕಲ್ ಸಾಮಾನಿನ ಆ ಅಂಗಡಿಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಬಾಯಿಗೆ ಬಿಡುವೇ ಇರಲಿಲ್ಲ. ಇಸ್ತ್ರಿಪೆಟ್ಟಿಗೆ ಮಾರುತ್ತಿದ್ದವಳನ್ನು ಯಜಮಾನರು ಒಂದು ದಿನ ಬಾಗಿಲ ಬಳಿಯ ಟಿವಿ ಮುಂದೆ ಕೂರಿಸಿದರು. ಟಿವಿಗೆ ಹೊಸದಾಗಿ ಬಂದ ವಿಡಿಯೋ ಆಟದ ಕಪ್ಪು ಡಬ್ಬಿಯೊಂದನ್ನು ಜೋಡಿಸಿದ್ದರು. ಅದಕ್ಕೆ ತಿರುಗಿಸುವ ಗುಂಡಿ ಎರಡು, ಒಳಗೇ ತುಂಬಿಸಿಟ್ಟ ಆಟ ನಾಲ್ಕು. ಟೆನಿಸ್, ಫುಟ್‌ಬಾಲ್ ಅಂತ ಹೆಸರೇನೋ ಬೇರೆಬೇರೆ. ಪರದೆ ಮೇಲೆ ಅವೇ ಬಿಳಿ ಪಟ್ಟಿಗಳು, ಅದೇ ಬಿಳಿ ಚುಕ್ಕೆ. ಗುಂಡಿ ತಿರುಗಿಸಿ ಪಟ್ಟಿ ಸರಿಸುತ್ತಾ ಚುಕ್ಕೆಯನ್ನು ಎದುರಾಳಿಯತ್ತ ಹೊಡೆಯಬೇಕು, ಬಿಟ್ಟವರು ಸೋತಂತೆ.

"ಗಿರಾಕಿ ಜೊತೆ ಆಡು, ಆದ್ರೆ ಗೆಲ್ಲಬೇಡ," ಎಂದರು ಯಜಮಾನರು. "ಸೋತವನು ಮುಖ ಊದಿಸ್ಕೊಂಡು ಹೋಗ್ತಾನೆ. ಗೆದ್ದವನು ಕೊಂಡ್ಕೊಳ್ತಾನೆ."

ಕೂತು ಆಡೋದಕ್ಕೆ ಸಂಬಳ! ಮೊದಲು ಗಿಣಿ ಹಿಗ್ಗಿದಳು. ಆಡಿ ಆಡಿ ಕೈ ಪಳಗಿತು. ತೊಂದರೆ ಶುರುವಾದದ್ದೇ ಆಗ. ಎದುರಿಗೇ ಬರುವ ಚುಕ್ಕೆಯನ್ನು ಬೇಕೆಂದೇ ಬಿಡಬೇಕು, ಮೇಲೆ "ನಿಮ್ಮ ಕೈ ಬಲು ಚುರುಕು ಸಾರ್" ಅಂತ ಹಲ್ಲು ಕಿರಿಯಬೇಕು. ಸಂಜೆ ಮನೆಗೆ ಹೋಗಿ ಅಕ್ಕನ ಮೇಲೆ ಸುಮ್ಮಸುಮ್ಮನೆ ರೇಗುವಳು.

"ದಿನವಿಡೀ ಆಡಿ ಬರ್ತೀಯ, ನಿಂಗೇನೇ ಕಷ್ಟ?" ಎನ್ನುತ್ತಿದ್ದಳು ಅಕ್ಕ.

ಒಂದು ಮಧ್ಯಾಹ್ನ ಹೊಲಿಗೆ ಮಷೀನಿನ ಬಲ್ಬು ಕೊಳ್ಳಲು ನಡುವಯಸ್ಸಿನ ಟೈಲರಮ್ಮ ಬಂದರು. ಟಿವಿ ನೋಡಿ ಕುತೂಹಲದಿಂದ ಆಡಲು ಕೂತರು. ಸ್ವಲ್ಪ ಹೊತ್ತಿಗೇ ಗುಂಡಿಯಿಂದ ಕೈ ತೆಗೆದರು.

"ಏನೇ ಹುಡುಗಿ, ನನ್ನನ್ನೇನು ಮಗು ಅಂದ್ಕೊಂಡ್ಯಾ?"

"ಇಲ್ಲಮ್ಮ, ತಪ್ಪಿಹೋಯ್ತು."

"ತಪ್ಪಿದ್ರೆ ಕೈ ಗಾಬರಿಬೀಳುತ್ತೆ. ನಿನ್ನ ಕೈ ತೆಪ್ಪಗೆ ಕೂತಿತ್ತು. ಆಡೋದಾದ್ರೆ ಸರಿಯಾಗಿ ಆಡು, ಇಲ್ಲಾಂದ್ರೆ ಬಲ್ಬು ಕೊಡು, ಹೋಗ್ತೀನಿ."

ಗಿಣಿ ಯಜಮಾನರತ್ತ ಕಣ್ಣು ಹಾಯಿಸಿದಳು. ಅವರು ಯಾರಿಗೋ ಫ್ರಿಜ್ ತೋರಿಸುತ್ತಿದ್ದರು. ಸೆರಗು ಸಿಕ್ಕಿಸಿಕೊಂಡು ಆಡಿಯೇಬಿಟ್ಟಳು. ಟೈಲರಮ್ಮನಿಗೆ ಉಸಿರು ಬಿಡಲೂ ಪುರಸೊತ್ತು ಕೊಡಲಿಲ್ಲ. ಜನ ಸೇರಿದರು. ಯಜಮಾನರು ಕೆಂಡವಾಗಿ ಓಡಿಬಂದರೆ, ಟೈಲರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾರೆ.

"ಅಬ್ಬಾ, ಚೆನ್ನಾಗಿ ಬಾರಿಸಿದೆ ಕಣೇ! ಯಜಮಾನ್ರೇ, ಈ ಡಬ್ಬಿ ಕಟ್ಟಿಕೊಡಿ. ಇವಳನ್ನ ಸೋಲಿಸೋವರೆಗೂ ನಂಗೆ ನಿದ್ದೆ ಬರಲ್ಲ."

ಯಜಮಾನರು ಬಾಯಿಗೆ ಬಂದ ಬೈಗುಳ ನುಂಗಿಕೊಂಡು ರಟ್ಟಿನ ಪೆಟ್ಟಿಗೆ ತರಿಸಿದರು. ಆಮೇಲೆ ಅವಳಿಗೆ ಗೆಲ್ಲು ಎಂದೂ ಹೇಳಲಿಲ್ಲ, ಸೋಲು ಎಂದೂ ಹೇಳಲಿಲ್ಲ. ಕೆಲವರು ಮುನಿಸಿಕೊಂಡು ಹೋದರು, ಕೆಲವರು ಕೊಂಡರು. ಗಿಣಿ ಮಾತ್ರ ಮನೆಗೆ ಹಾಡಿಕೊಂಡು ಹೋಗತೊಡಗಿದಳು.

ಮುಂದೆ ಬೇಕಾದ ಆಟದ ಕ್ಯಾಸೆಟ್ ತುರುಕಿ ಆಡುವ ಮಷೀನುಗಳು ಬಂದವು. ಕಪ್ಪು ಡಬ್ಬಿಯನ್ನು ಕೇಳುವವರೇ ಇಲ್ಲದೆ ಅವಳು ಮತ್ತೆ ಇಸ್ತ್ರಿಪೆಟ್ಟಿಗೆಗಳ ಬಳಿಗೆ ಹೋದಳು. ಆದರೆ ರಜೆ ಬಂತೆಂದರೆ ಟೈಲರಮ್ಮನ ಮನೆಯಲ್ಲಿ ಕತ್ತರಿಸಿದ ಬಟ್ಟೆಗಳ ನಡುವೆ ಇಬ್ಬರ ಕಾಳಗ ನಡೆದೇ ಇತ್ತು. ಗಿಣಿಯ ಮದುವೆ ಬಟ್ಟೆ ಹೊಲಿದವರೂ ಅವರೇ. ಅಳತೆ ತೆಗೆಯಲು ಕರೆದಾಗಲೆಲ್ಲ ಇಬ್ಬರೂ ಟಿವಿ ಮುಂದೆ ಕೂತುಬಿಡುತ್ತಿದ್ದರಿಂದ, ಆ ಬಟ್ಟೆ ಕೈಗೆ ಬಂದದ್ದು ಮದುವೆಯ ಹಿಂದಿನ ದಿನ.