ಪಾಪ ಹೊರಗಿರಲಿ

ಹಿಂದೂಪುರದ ನಮ್ಮ ಬೀದಿಯಲ್ಲಿ ಮಗ್ಗದ ಮನೆಯ ಅಕ್ಕ ಒಬ್ಬಳಿದ್ದಳು. ಪೋಲಿಯೋದಿಂದ ಎರಡೂ ಕಾಲು ಸೋತಿದ್ದವು. ಮಗ್ಗ ತುಳಿಯಲಾಗದೆ, ನೂಲು ಸುತ್ತುವ ರಾಟೆಯ ಮುಂದೆ ಕೂತೇ ಬೆಳೆದವಳು. ಆ ರಾಟೆಯ ತಿರುವು ಮಣಿಕಟ್ಟಿಗೆ ಇಳಿದಿತ್ತೇನೋ, ಅವಳು ಟೇಬಲ್ ಟೆನಿಸ್ ಬ್ಯಾಟು ಹಿಡಿದರೆ ಚೆಂಡು ಯಾವ ಕಡೆ ಹೊರಳುತ್ತದೆಂದು ದಿನಾ ಜೊತೆಗೆ ಆಡುತ್ತಿದ್ದ ನನಗೂ ತಿಳಿಯುತ್ತಿರಲಿಲ್ಲ.

ಅವಳ ಗಾಲಿಕುರ್ಚಿ ಬಾಗಿಲು ದಾಟಿದರೆ ಸಾಕು, ಯಾರಾದರೂ "ಅಯ್ಯೋ ಪಾಪಂ" ಎನ್ನುವುದು ಇದ್ದದ್ದೇ. ತೆಲುಗಾದರೇನು, ಕನ್ನಡವಾದರೇನು, ಆ ಮಾತು ಒಂದೇ. ಅವಳ ಉತ್ತರವೂ ಒಂದೇ: "ಪಾಪಾನ ಚಪ್ಪಲಿ ಜೊತೆ ಹೊರಗೆ ಬುಟ್ಟು ಬನ್ನಿ."

ಎರಡು ಸಾವಿರದ ಇಸವಿಯ ಆಚೀಚೆ, ಕಲ್ಯಾಣದುರ್ಗದಲ್ಲಿ ಗಾಲಿಕುರ್ಚಿಯವರು, ನಡೆದಾಡುವವರು ಎಲ್ಲರೂ ಸೇರಿ ಆಡುವ ಪಂದ್ಯವೊಂದು ನಡೆಯಿತು. ಅವಳಿಗೆ ಎದುರಾದ ಕಾಲೇಜು ಮೇಷ್ಟ್ರು ಮಗುವಿಗೆ ತುತ್ತು ಕೊಡುವಂತೆ ಮೆಲ್ಲಗೆ ಚೆಂಡು ಹಾಕಿದರು. ಅಕ್ಕ ಹೊಡೆಯಲಿಲ್ಲ, ಕೈಯಲ್ಲಿ ಹಿಡಿದುಕೊಂಡಳು. ಪಾಯಿಂಟು ಹೋಯಿತು.

"ಸಾರ್, ಚಪ್ಪಲಿ ಹೊರಗೆ ಬುಟ್ಟಿದ್ದೀರಿ. ಪಾಪಾನ ಯಾಕೆ ಒಳಗೆ ತಂದ್ರಿ?"

ಮೇಷ್ಟ್ರ ಮುಖ ಕೆಂಪಾಯಿತು. ಆಮೇಲೆ ಅವರು ನಿಜವಾಗಿ ಆಡಿದರು, ನಿಜವಾಗಿಯೇ ಸೋತರು. ಕೊನೆಯ ಚೆಂಡಿಗೆ ಅವರು ಬಲಕ್ಕೆ ಹಾರಿದರೆ ಅದು ಎಡಕ್ಕೆ ಹೊರಳಿತು. ಕುಂದುರ್ಪಿಯಿಂದ ಬಂದಿದ್ದ ಅಜ್ಜಿಯೊಬ್ಬಳು ಹಿಂದಿನಿಂದ ಕೂಗಿದಳು: "ಅಯ್ಯೋ ಪಾಪಂ! ಆ ಸಾರು ಎಂಗೆ ಬೆವ್ತವ್ರೆ ನೋಡಮ್ಮ!"

ಮುಂದೆ ಅಕ್ಕ ದೇಶಕ್ಕೇ ಆಡಿದಳು, ಪದಕಗಳನ್ನೂ ತಂದಳು. ಆದರೆ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ನನ್ನ ಕೈ ಹಿಡಿದೆಳೆದು ಕಿವಿಯಲ್ಲಿ ಹೇಳಿದಳು:

"ಆ ಮಾತು ಇವತ್ತು ಸರಿಯಾದ ಮನೆ ಸೇರ್ತು ಕಣೇ."