ಬೆರಳಿಗೆ ಸಿಗದ ಎಳೆ

ದೊಡ್ಡವ್ವ, ನಿನ್ನ ಬೆರಳುಗಳು ಮರಗಟ್ಟುತ್ತಿದ್ದ ಸಂಗತಿಯನ್ನು ನಾನು ಡಾಕ್ಟರರಿಂದ ಮುಚ್ಚಿಟ್ಟೆ. ಹೇಳಿದ್ದೇನೆ ಎಂದು ನಿನಗೂ ಸುಳ್ಳಾಡಿದೆ.

ಆಗ ನಾನು ಜಮಖಂಡಿಯಲ್ಲಿ ಫಾರ್ಮಸಿ ಓದುತ್ತಿದ್ದೆ. ನಿನ್ನ ಎದೆಯ ಗಂಟು ಬೇಗ ಹರಡುವ ಜಾತಿಯ ಕ್ಯಾನ್ಸರ್ ಎಂದು ತಿಳಿದಾಗ ಅತ್ತುಬಿಟ್ಟೆ. ಅದಕ್ಕೆ ನ್ಯಾನೋ ಕಣಗಳ ಔಷಧಿ ಕೊಡುತ್ತಾರೆಂದು ಕೇಳಿ — ಹೇಳಲು ನಾಚಿಕೆ — ಒಳಗೊಳಗೇ ಹಿಗ್ಗಿದೆ. ಓದಿದ್ದು ಕಣ್ಣೆದುರು ನಡೆಯಲಿತ್ತು. ಪ್ರತಿ ಸರದಿಯ ತಾರೀಕು, ನಿನ್ನ ತೂಕ, ಜ್ವರ, ಗಂಟಿನ ಅಳತೆ ಎಲ್ಲ ಬರೆದಿಟ್ಟೆ. ಔಷಧಿಯನ್ನು ಪ್ರೋಟೀನಿನಲ್ಲಿ ಸುತ್ತಿರುತ್ತಾರೆ, ಆ ಕಣಗಳು ಗಂಟನ್ನೇ ಹುಡುಕಿ ಹೋಗುತ್ತವೆ ಎಂದಾಗ ನೀನು ನಕ್ಕಿದ್ದೆ: “ಅಷ್ಟು ಸಣ್ಣದಕ್ಕ ದಾರಿ ಹೆಂಗ ತಿಳಿತೈತಿ ಯವ್ವಾ? ರಬಕವಿ ಬಸ್ಸಿನಂಗ ಬೋರ್ಡ್ ಹಾಕಿರ್ತಾರೇನ?”

ಎಲ್ಲ ಕಣಗಳೂ ಅಲ್ಲಿಗೇ ಹೋಗುವುದಿಲ್ಲ, ಔಷಧಿ ನರಗಳಿಗೂ ತಾಗುತ್ತದೆ — ಅದು ನನಗೆ ಗೊತ್ತಿತ್ತು. ಹೇಳಲಿಲ್ಲ.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಹಾಸು ಮುಗಿದರೆ ಹೊಸ ಹಾಸಿನ ಎಳೆಗಳನ್ನು ಹಳೆಯ ಎಳೆಗಳಿಗೆ ಒಂದೊಂದಾಗಿ ಹೊಸೆದು ಜೋಡಿಸುವುದು ನಿನ್ನ ಕೆಲಸ. ಎಳೆ ಜಾರದಂತೆ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ನೀನು ಎಳೆಯ ಕಡೆ ನೋಡುತ್ತಲೇ ಇರಲಿಲ್ಲ. ಒಂದು ದಿನ ಆಸ್ಪತ್ರೆಯ ದಾರಿಯಲ್ಲಿ ನೀನು ಮೆಲ್ಲಗೆ ಅಂದೆ: “ಎಳಿ ಹಿಡದ್ರ ತಿಳಿವಲ್ದು. ನನಗ ಹೇಳಾಕ ಬರಂಗಿಲ್ಲ, ಡಾಕ್ಟರಿಗೆ ನೀನ ಹೇಳ.”

ಒಳಗೆ ನಿನಗೆ ಸಲೈನ್ ಹಚ್ಚುತ್ತಿದ್ದರು. ಹೊರಗೆ ಡಾಕ್ಟರು ನನ್ನನ್ನು ಕೇಳಿದರು: “ಕೈಕಾಲು ಜೋಮು ಹಿಡಿತಾವೇನು?”

“ಇಲ್ರಿ.”

ಹೌದೆಂದರೆ ಔಷಧಿ ಕಡಿಮೆ ಮಾಡುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ. ಗಂಟು ಕರಗುತ್ತಿತ್ತು. ನೀನು ಉಳಿಯಬೇಕಿತ್ತು — ಎಲ್ಲಿಯವರೆಗೆ ಕರಗುತ್ತದೆಂದು ನೋಡುವ ಆಸೆಯೂ ಇತ್ತು. ಇವೆರಡರಲ್ಲಿ ಯಾವುದು ಆ ಮಾತು ಆಡಿಸಿತು? ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಗಂಟು ಹೋಯಿತು. ನೀನು ಉಳಿದೆ. ಜೋಮು ಮಾತ್ರ ಇಳಿಯಲೇ ಇಲ್ಲ. ಆಗ ಔಷಧಿ ತಗ್ಗಿಸಿದ್ದರೆ ಬೆರಳು ಉಳಿಯುತ್ತಿದ್ದವೋ, ರೋಗವೇ ಉಳಿಯುತ್ತಿತ್ತೋ — ತಿಳಿಯದು. ಆದರೆ ಅದನ್ನು ತೂಗಿ ನೋಡಬೇಕಾದವಳು ನೀನು. ಬೆರಳು ನಿನ್ನವು.

ಮೊನ್ನೆ ನೀನು ಬೂದಿ ಹಚ್ಚಿಕೊಂಡು ಮತ್ತೆ ಮಗ್ಗದ ಮುಂದೆ ಕೂತೆ. ಹೆಬ್ಬೆರಳು, ತೋರುಬೆರಳು ಕೂಡಿಸಿ ನನ್ನತ್ತ ಚಾಚಿದೆ. “ಎಳಿ ಹಿಡದೀನೇನ ನೋಡ?”

ಬೆರಳುಗಳ ನಡುವೆ ಏನೂ ಇರಲಿಲ್ಲ.

ನಾಳೆ ತಪಾಸಣೆಗೆ ಹೋದಾಗ ಡಾಕ್ಟರರಿಗೂ ಹೇಳುತ್ತೇನೆ. ಅದಕ್ಕೂ ಮೊದಲು, ಇಂದು ಸಂಜೆ, ನಿನ್ನೆದುರು ಕೂತು ಈ ಕಾಗದ ಓದುತ್ತೇನೆ.